ಕಟ್ಟಿದ ದಾರಿ, ಸವೆದ ದಾರಿ: ಕೊಯ್ಡ್ ಅ ಬ್ರೆನಿನ್‌ನಲ್ಲೂ ಈಡೇಲ್‌ನಲ್ಲೂ ಸೈಕಲ್ ತುಳಿದ ಮೇಲೆ

ವೇಲ್ಸ್‌ನ ಕೊಯ್ಡ್ ಅ ಬ್ರೆನಿನ್ ಕಾಡಿನಲ್ಲಿ ಬೆಟ್ಟದ ಸೈಕಲ್‌ಗೆ ಅಂತಲೇ ಕಟ್ಟಿದ ದಾರಿಗಳಿವೆ, ಟ್ರೇಲ್ ಅಂತಾರೆ. ಅವುಗಳಲ್ಲಿ 'ಟಾರು' ಅನ್ನುವ ಟ್ರೇಲ್‌ನಲ್ಲಿ ಒಂದು ಇಳಿಜಾರು ಮುಗಿಸಿದೆ. ಸೈಕಲ್ಲನ್ನು ಮರಕ್ಕೆ ಒರಗಿಸಿ, ಮತ್ತೆ ಮೇಲಕ್ಕೆ ನಡೆದು ಹೋಗಿ ಅಲ್ಲಿನ ಕಲ್ಲುಗಳನ್ನು ಮುಟ್ಟಿ ನೋಡಿದೆ. ಮಗ ಕೆಳಗಿನಿಂದ ಕೂಗಿದ, "ಆಯಿ, ಏನು ಬಿತ್ತು?" ಏನೂ ಬಿದ್ದಿರಲಿಲ್ಲ. ಆ ಕಲ್ಲುಗಳು ಅಲ್ಲಿ ಹೇಗೆ ನಿಂತಿವೆ ಅಂತ ನೋಡಬೇಕಿತ್ತು. ಒಂದೊಂದನ್ನೂ ಅಡ್ಡ ಮಲಗಿಸದೆ, ಕುತ್ತಿಗೆವರೆಗೆ ನೆಲದಲ್ಲಿ ಹೂತು, ಪಕ್ಕದ ಕಲ್ಲಿಗೆ ಬಿಗಿಯಾಗಿ ಕೂರಿಸಿದ್ದರು. ಸಂದಿಯಲ್ಲಿ ಬೆರಳು ಹೋಗುವುದಿಲ್ಲ. ಶಿರಸಿ ಹತ್ತಿರದ ನಮ್ಮ ತೋಟದಲ್ಲಿ, ಹಳ್ಳ ದಾಟುವ ಜಾಗದಲ್ಲಿ, ಅಜ್ಜ ಹೀಗೇ ಕಲ್ಲು ಕೂರಿಸಿದ್ದ. ನಾನು ಹುಟ್ಟುವ ಮೊದಲಿನ ಕೆಲಸ ಅದು. ಇವತ್ತಿಗೂ ಒಂದು ಕಲ್ಲು ಅಲುಗಿಲ್ಲ.

ನಾವಿರುವುದು ಮ್ಯಾಂಚೆಸ್ಟರ್‌ನಲ್ಲಿ. ಹದಿನೇಳು ವರ್ಷದ ಮಗನಿಗೆ ಬೆಟ್ಟದ ಸೈಕಲ್ ಹುಚ್ಚು ಹತ್ತಿ ನಾಲ್ಕು ವರ್ಷ ಆಯಿತು. ಅವನ ಹಿಂದೆ ಹೋಗಿ ಹೋಗಿ ನನಗೂ ಹತ್ತಿತು. ನನಗೀಗ ನಲವತ್ತಾರು. ನನ್ನದು ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್, 29 ಇಂಚಿನ ಚಕ್ರ. ಸೆಪ್ಟೆಂಬರ್‌ನಲ್ಲಿ ಹದಿನೈದು ದಿನದ ಅಂತರದಲ್ಲಿ ಎರಡು ಕಡೆ ಹೋಗಿ ಬಂದೆವು. ಒಂದು, ವೇಲ್ಸ್‌ನ ಕೊಯ್ಡ್ ಅ ಬ್ರೆನಿನ್. ಅಲ್ಲಿ ಕಾಡಿನೊಳಗೆ ಸೈಕಲ್‌ಗೆ ಅಂತಲೇ ಕಟ್ಟಿದ ಟ್ರೇಲ್‌ಗಳು. ಇನ್ನೊಂದು, ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಈಡೇಲ್‌ನಿಂದ ಬ್ಯಾಮ್‌ಫರ್ಡ್‌ವರೆಗೆ. ಅಲ್ಲಿ ಬಯಲು ಬೆಟ್ಟ, ಹಳೇ ಕುದುರೆದಾರಿ, ಸೈಕಲ್‌ಗೆ ಅಂತ ಯಾರೂ ಏನೂ ಕಟ್ಟಿಲ್ಲ. ಇಲ್ಲಿನ ಕನ್ನಡದ ಗೆಳೆಯರು "ಎರಡರಲ್ಲಿ ಯಾವುದಕ್ಕೆ ಹೋಗೋಣ?" ಅಂತ ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಪ್ರತಿ ಸಲ ಅರ್ಧಕ್ಕೇ ನಿಲ್ಲುವ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಕೊಯ್ಡ್ ಅ ಬ್ರೆನಿನ್ ಅಂದರೆ ವೆಲ್ಷ್ ಭಾಷೆಯಲ್ಲಿ ರಾಜನ ಕಾಡು. ಐದನೇ ಜಾರ್ಜ್ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ಆದಾಗ, 1935ರಲ್ಲಿ, ಈ ಹೆಸರು ಇಟ್ಟರು. ಎರೆರಿ ರಾಷ್ಟ್ರೀಯ ಉದ್ಯಾನದ ಒಳಗೆ, ಡಾಲ್ಗೆಥ್ಲೆ ಊರಿನ ಉತ್ತರಕ್ಕಿದೆ. ಎರೆರಿ ಅಂದರೆ ಇಂಗ್ಲಿಷಿನವರು ಸ್ನೋಡೋನಿಯಾ ಅನ್ನುವ ಪ್ರದೇಶ. ಬ್ರಿಟನ್ನಿನಲ್ಲಿ ಬೆಟ್ಟದ ಸೈಕಲ್‌ಗೆ ಅಂತಲೇ ಮೊದಲು ಟ್ರೇಲ್ ಕಟ್ಟಿದ್ದು ಇಲ್ಲೇ, 1990ರ ದಶಕದಲ್ಲಿ. ಆ ಕೆಲಸ ಶುರು ಮಾಡಿ ಮುಂದೆ ನಿಂತವರು ಡಾವಿದ್ ಡೇವಿಸ್. ಆಮೇಲೆ ವೇಲ್ಸ್, ಸ್ಕಾಟ್ಲೆಂಡ್ ತುಂಬಾ ಇಂಥ ಜಾಗಗಳು ಬಂದವು. ಸ್ಕಾಟ್ಲೆಂಡಿನ ಗ್ಲೆಂಟ್ರೆಸ್‌ನಲ್ಲಂತೂ 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಬೆಟ್ಟದ ಸೈಕಲ್ ರೇಸ್ ನಡೆಯಿತು. ಎಲ್ಲದಕ್ಕೂ ಮೊದಲ ಹೆಜ್ಜೆ ಈ ಕಾಡಿನದು.

ಕಾಡು ಅಂತ ಕರೆದರೂ ಅದರಲ್ಲಿ ಬಹುಪಾಲು ನೆಟ್ಟ ಮರಗಳೇ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಮರದ ಬರ ಬಂತು. ಕಂದಕಕ್ಕೆ, ಕಲ್ಲಿದ್ದಲ ಗಣಿಯ ಆಸರೆ ಕಂಬಕ್ಕೆ, ಎಲ್ಲದಕ್ಕೂ ಮರ ಬೇಕಿತ್ತು. ಅದಕ್ಕೇ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಹುಟ್ಟಿತು. ಬೇಗ ಬೆಳೆಯುತ್ತದೆ ಅಂತ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್ ತಂದು ಬೆಟ್ಟ ಬೆಟ್ಟಕ್ಕೇ ನೆಟ್ಟರು. ನಮ್ಮ ಕಡೆ ಅರಣ್ಯ ಇಲಾಖೆ ಅಕೇಶಿಯಾ ನೆಡುತೋಪು ಮಾಡಿದ ಹಾಗೆ. ಒಳಗೆ ಹೋದರೆ ಅದೇ ಅನುಭವ. ಸಾಲು ಸಾಲು ಮರ, ಕೆಳಗೆ ಹುಲ್ಲಿಲ್ಲ, ಹಕ್ಕಿಯ ಸದ್ದು ಕಡಿಮೆ, ಮಧ್ಯಾಹ್ನವೂ ಸಂಜೆಯ ಹಾಗೆ. ನೆಟ್ಟ ಕಾಡಿನಲ್ಲಿ ಕಟ್ಟಿದ ದಾರಿ. ಇದನ್ನು ದೂರುವುದಕ್ಕೆ ಹೇಳುತ್ತಿಲ್ಲ. ಮರ ಕಡಿದು ಮಾರುವುದಕ್ಕೆ ಅಂತ ನೆಟ್ಟ ಜಾಗ ಜನರಿಗೂ ಒಂದು ಉಪಯೋಗಕ್ಕೆ ಬಂತಲ್ಲ, ಅದು ನನಗೆ ಇಷ್ಟ.

ಟ್ರೇಲ್‌ಗಳಿಗೆ ಬಣ್ಣದ ಗುರುತು. ಹಸಿರು, ನೀಲಿ, ಕೆಂಪು, ಕಪ್ಪು. ಹಸಿರಿನಲ್ಲಿ ಮಕ್ಕಳೂ ಹೋಗಬಹುದು. ಕಪ್ಪಿಗೆ ಹೋಗುವವರಿಗೆ ಚೆನ್ನಾಗಿ ಅಭ್ಯಾಸ ಇರಬೇಕು. ನಾವು ಮೊದಲು ನೀಲಿಯ 'ಮೈನೋಟಾರ್' ಹೋದೆವು, ಆಮೇಲೆ ಕೆಂಪು ಗುರುತಿನ 'ಟಾರು'. ಟಾರು ಅಂದರೆ ವೆಲ್ಷ್‌ನಲ್ಲಿ ಗೂಳಿ. ಸುಮಾರು 20 ಕಿ.ಮೀ. ಕಪ್ಪು ಗುರುತಿನ 'ಬೀಸ್ಟ್ ಆಫ್ ಬ್ರೆನಿನ್' 38 ಕಿ.ಮೀ. ಅದಕ್ಕೆ ನಾನು ಇನ್ನೂ ಹೋಗಿಲ್ಲ. ಇಲ್ಲಿ ಸೈಕಲ್ಲನ್ನು ವ್ಯಾನಿನಲ್ಲಿ ಏರಿಸಿ ಮೇಲೆ ಬಿಡುವ ವ್ಯವಸ್ಥೆ ಇಲ್ಲ. ಏರನ್ನು ನೀವೇ ತುಳಿಯಬೇಕು. ವ್ಯಾನ್ ಬೇಕು ಅನ್ನುವವರು ದಕ್ಷಿಣ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಹತ್ತಿರದ ಬೈಕ್ ಪಾರ್ಕ್ ವೇಲ್ಸ್‌ಗೆ ಹೋಗಬೇಕು. ಕೊಯ್ಡ್ ಅ ಬ್ರೆನಿನ್‌ನಲ್ಲಿ ಟ್ರೇಲ್‌ಗೆ ದುಡ್ಡಿಲ್ಲ, ಕಾರ್ ನಿಲ್ಲಿಸುವುದಕ್ಕೆ ಮಾತ್ರ.

ಆ ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಬಯಲು ಬೆಟ್ಟ ಆಗಿದ್ದರೆ ವಾಪಸ್ ಹೋಗೋಣ ಅಂತಿದ್ದೆ. ಇಲ್ಲಿ ಹಾಗಾಗಲಿಲ್ಲ. ಟ್ರೇಲ್ ಕಟ್ಟಿದವರು ಮೊದಲು ಯೋಚನೆ ಮಾಡಿದ್ದು ನೀರಿನ ಬಗ್ಗೆಯೇ ಅಂತ ಕಾಣುತ್ತದೆ. ದಾರಿ ಎಲ್ಲೂ ಬೆಟ್ಟದಿಂದ ನೆಟ್ಟಗೆ ಕೆಳಗಿಳಿಯುವುದಿಲ್ಲ, ಓರೆಯಾಗಿ ಹೋಗುತ್ತದೆ. ಹೊರ ಅಂಚಿಗೆ ಸ್ವಲ್ಪ ಇಳಿಜಾರು. ಅಲ್ಲಲ್ಲಿ ಇಳಿತದ ಮಧ್ಯೆ ಒಂದು ಸಣ್ಣ ಏರು ಬರುತ್ತದೆ. ತುಳಿಯುವವರಿಗೆ ಅದು ಮಜಾ, ಆದರೆ ಅಸಲು ಕೆಲಸ ಬೇರೆ. ದಾರಿಯಲ್ಲಿ ಹರಿದು ಬಂದ ನೀರು ಆ ಏರನ್ನು ದಾಟಲಾರದೆ ಪಕ್ಕಕ್ಕೆ ಇಳಿದು ಹೋಗುತ್ತದೆ. ಅಡಿಕೆ ತೋಟದ ಬಸಿಗಾಲುವೆ ನೋಡಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಇಲ್ಲಿ ನೀರು ನಿಂತರೆ ದಾರಿ ಕೊಳೆಯುತ್ತದೆ. ಚಕ್ರ ಜಾಸ್ತಿ ಉಜ್ಜುವ ಕಡೆ ಕಲ್ಲು ನೆಟ್ಟಿದ್ದಾರೆ. ನಾನು ಮುಟ್ಟಿ ನೋಡಿದ್ದು ಆ ಕಲ್ಲುಗಳನ್ನೇ. ಒದ್ದೆಯಾಗಿದ್ದರೂ ಟೈರ್ ಹಿಡಿದುಕೊಳ್ಳುತ್ತದೆ, ಹೆದರಬೇಡಿ. ಮರದ ಬೇರು ಮಾತ್ರ ಎಣ್ಣೆ ಸವರಿದ ಹಾಗಿರುತ್ತದೆ. ಬೇರಿನ ಮೇಲೆ ಬ್ರೇಕ್ ಒತ್ತಲೇಬೇಡಿ.

ಬ್ರೇಕಿನ ಪಾಠ ನನಗೆ ಆಗಿದ್ದು ಇಲ್ಲೇ. ಮೂರು ವರ್ಷದಿಂದ ಸೈಕಲ್ ತುಳಿಯುತ್ತಿದ್ದರೂ ಇಳಿಜಾರಿನಲ್ಲಿ ನನ್ನ ಎರಡು ಬೆರಳು ಬ್ರೇಕಿನ ಮೇಲೇ ಅಂಟಿರುತ್ತಿದ್ದವು. ಮಗ ಹಿಂದಿನಿಂದ ಹೇಳುತ್ತಿದ್ದ, "ಬ್ರೇಕ್ ಬಿಡು ಆಯಿ, ತಿರುವಿಗೆ ಮುಂಚೆ ಒತ್ತು, ತಿರುವಲ್ಲಿ ಬಿಡು." ಬಯಲು ಬೆಟ್ಟದಲ್ಲಿ ಈ ಮಾತು ಕೇಳಿ ಧೈರ್ಯ ಮಾಡುವುದು ಕಷ್ಟ, ಯಾಕೆಂದರೆ ತಿರುವಿನ ಆಚೆ ಏನಿದೆಯೋ ಗೊತ್ತಿಲ್ಲ. ಇಲ್ಲಿ ಗೊತ್ತು. ತಿರುವಿನ ಹೊರಗಡೆ ಮಣ್ಣು ಏರಿಸಿ ಗೋಡೆಯ ಹಾಗೆ ಮಾಡಿರುತ್ತಾರೆ, ಬರ್ಮ್ ಅಂತಾರೆ. ಅದರ ಮೇಲೆ ಚಕ್ರ ಒರಗಿದರೆ ಸೈಕಲ್ ತಾನಾಗಿ ತಿರುಗುತ್ತದೆ. ಎದುರಿನಿಂದ ಯಾರೂ ಬರುವುದಿಲ್ಲ, ಒಂದೇ ದಿಕ್ಕಿನ ದಾರಿ. ಅದೇ ತುಂಡನ್ನು ಮೂರು ಸಲ ಮೇಲೆ ತಳ್ಳಿಕೊಂಡು ಹೋಗಿ ಇಳಿದೆ. ಮೊದಲ ಸಲ ಪೂರ್ತಿ ಬ್ರೇಕ್. ಎರಡನೇ ಸಲ ಅರ್ಧ. ಮೂರನೇ ಸಲ ತಿರುವಿನಲ್ಲಿ ಬೆರಳು ಬಿಟ್ಟೆ. ಸೈಕಲ್ ನನ್ನ ಕೆಳಗೆ ಹಗುರಾಯಿತು. ಆ ಕ್ಷಣಕ್ಕೆ ಎರಡೂವರೆ ಗಂಟೆ ಕಾರ್ ಓಡಿಸಿದ್ದು ಸಾರ್ಥಕ ಅನಿಸಿತು. ಕಟ್ಟಿದ ಟ್ರೇಲ್‌ನ ದೊಡ್ಡ ಗುಣ ನನಗೆ ಇದೇ. ಅದೇ ಕಲ್ಲು, ಅದೇ ತಿರುವು, ಇನ್ನೊಂದು ಸಲ ಸಿಗುತ್ತದೆ. ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಜಾಗ ಇದೆ.

ಇನ್ನೊಂದು ವಿಷಯವನ್ನೂ ಬರೆಯಲೇಬೇಕು. ಮೈನೋಟಾರ್‌ನಲ್ಲಿ ನಮ್ಮ ಮುಂದೆ ಒಬ್ಬಾಕೆ ಕೈಯಿಂದ ತುಳಿಯುವ ಮೂರು ಚಕ್ರದ ಸೈಕಲ್‌ನಲ್ಲಿ ಹೋಗುತ್ತಿದ್ದರು. ಕಾಲಿಗೆ ಶಕ್ತಿ ಇಲ್ಲದವರು. ಅಂಥ ಸೈಕಲ್ಲೂ ಹೋಗುವಷ್ಟು ಅಗಲ ಇಟ್ಟೇ ಆ ಟ್ರೇಲ್ ಕಟ್ಟಿದ್ದಾರೆ. ಕಲ್ಲಿನ ಏರಿನಲ್ಲಿ ನಮಗಿಂತ ನಿಧಾನ, ಇಳಿತದಲ್ಲಿ ನನಗಿಂತ ಜೋರು. ಹದಿನೈದು ದಿನ ಆದಮೇಲೆ ಪೀಕ್‌ನಲ್ಲಿ ಗೇಟಿನ ಮೇಲೆ ಗೇಟು ತೆಗೆಯುತ್ತಾ, ಹಳ್ಳದಲ್ಲಿ ಸೈಕಲ್ ಎತ್ತಿಕೊಂಡು ದಾಟುತ್ತಾ ಅವರ ನೆನಪಾಯಿತು. ಅವರು ಇಲ್ಲಿಗೆ ಬರಲು ಆಗುವುದಿಲ್ಲ. ಬೆಟ್ಟದಲ್ಲಿ ದಾರಿ ಕಟ್ಟಬಾರದು, ಇದ್ದ ಹಾಗೇ ಇರಬೇಕು ಅಂತ ವಾದ ಮಾಡುವವರಿದ್ದಾರೆ. ಅವರ ಮಾತು ಕೇಳುವಾಗಲೆಲ್ಲ ನನಗೆ ಆ ಮೂರು ಚಕ್ರ ಕಾಣುತ್ತದೆ.

ಹಾಗಂತ ಎಲ್ಲ ಚೆಂದ ಅಲ್ಲ. ಸಂಜೆ ಮನೆಗೆ ಬಂದು ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯ ಕೇಳಿದ, "ಏನು ನೋಡಿದ್ರಿ?" ಹೇಳಲು ತಡಕಾಡಿದೆ. ಮಾವ್ಥಾಕ್ ನದಿ, ಜಲಪಾತ, ಹಳೇ ಚಿನ್ನದ ಗಣಿ ಎಲ್ಲ ಅದೇ ಕಾಡಿನಲ್ಲಿವೆ. ನಾನು ಒಂದನ್ನೂ ನೋಡಿರಲಿಲ್ಲ. ಇಡೀ ದಿನ ಕಣ್ಣು ಹತ್ತು ಅಡಿ ಮುಂದಿನ ಕಲ್ಲಿನ ಮೇಲೆ. ದಾರಿ ಅಷ್ಟು ಚೆನ್ನಾಗಿದೆ ಅಂದರೆ ಬೇರೆ ಕಡೆ ನೋಡಲು ಬಿಡುವುದೇ ಇಲ್ಲ.

ಹೋಗುವವರಿಗೆ ಎರಡು ಮಾತು. ಅಲ್ಲಿನ ವಿಸಿಟರ್ ಸೆಂಟರ್ 2025ರ ಮಾರ್ಚ್ ಕೊನೆಗೆ ಮುಚ್ಚಿತು. ಟ್ರೇಲ್‌ಗಳು ತೆರೆದೇ ಇವೆ. ಆದರೆ ಬಿಸಿ ಚಹಾ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ನಾವು ಚಪಾತಿ, ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಕಷಾಯ ಒಯ್ದಿದ್ದೆವು. ಎರಡನೆಯದು, ಸೈಕಲ್ ಬಾಡಿಗೆಗೆ ತೆಗೆದುಕೊಂಡರೆ ಬ್ರೇಕ್ ಪ್ಯಾಡ್ ನೋಡಿಯೇ ತೆಗೆದುಕೊಳ್ಳಿ. ಮಗನ ಸೈಕಲ್‌ನ ಫೋರ್ಕ್ ರಿಪೇರಿಗೆ ಹೋಗಿತ್ತು. ದಾರಿಯಲ್ಲಿ ಸಿಕ್ಕ ಊರಿನ ಒಂದು ಅಂಗಡಿಯಲ್ಲಿ ಬಾಡಿಗೆಗೆ ತೆಗೆದುಕೊಂಡೆವು. ಎರಡನೇ ಇಳಿಜಾರಿಗೇ ಹಿಂದಿನ ಚಕ್ರದಲ್ಲಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು. ಪ್ಯಾಡ್ ಪೂರ್ತಿ ಸವೆದಿತ್ತು. ನನ್ನ ಚೀಲದಲ್ಲಿದ್ದ ಪ್ಯಾಡ್ ಅದಕ್ಕೆ ಕೂರಲಿಲ್ಲ. ಉಳಿದ ಇಳಿಜಾರುಗಳಲ್ಲಿ ಅರ್ಧಭಾಗ ಅವನು ಇಳಿದು ನಡೆದ. ಮಗು ಸುಮ್ಮನೆ ನಡೆದ, ನನಗೇ ಸಿಟ್ಟು ಬಂತು. ಇಳಿಜಾರಿನಲ್ಲಿ ಬ್ರೇಕು ಅಂದರೆ ಜೀವ.

ಇನ್ನು ಈಡೇಲ್.

ಮ್ಯಾಂಚೆಸ್ಟರ್ ಪಿಕಡಿಲಿಯಿಂದ ರೈಲು, ಸುಮಾರು ಮುಕ್ಕಾಲು ಗಂಟೆ. ಒಂದು ರೈಲಿನಲ್ಲಿ ಎರಡೇ ಸೈಕಲ್‌ಗೆ ಜಾಗ, ಮೊದಲು ಬಂದವರಿಗೆ ಮೊದಲು. ನಾವು ಇಬ್ಬರೇ, ಮೊದಲ ರೈಲು ಹಿಡಿದೆವು. ಕಾರ್ ಇಲ್ಲದೆ ಹೋಗಬಹುದು ಅನ್ನುವುದೇ ನನಗೆ ಈಡೇಲ್‌ನ ಮೊದಲ ಗುಣ. ಸ್ಟೇಷನ್‌ನಿಂದ ಹೊರಗೆ ಬಂದರೆ ಎದುರಿಗೆ ಕಿಂಡರ್ ಸ್ಕೌಟ್‌ನ ಉದ್ದ ಬೆನ್ನು. 1932ರ ಏಪ್ರಿಲ್ 24ರಂದು ನೂರಾರು ಜನ, ಹೆಚ್ಚಾಗಿ ಮ್ಯಾಂಚೆಸ್ಟರ್ ಕಡೆಯ ಕೂಲಿ ಕಾರ್ಮಿಕರು, ಇದರ ಆಚೆ ಬದಿಯ ಹೇಫೀಲ್ಡ್‌ನಿಂದ ಬೆಟ್ಟ ಹತ್ತಿದರು. ಆಗ ಬೆಟ್ಟ ಜಮೀನ್ದಾರರದು, ಹತ್ತಲು ಬಿಡುತ್ತಿರಲಿಲ್ಲ. ಹತ್ತಿದ್ದಕ್ಕೆ ಕೆಲವರು ಜೈಲಿಗೂ ಹೋದರು. 1951ರಲ್ಲಿ ಈ ಪ್ರದೇಶ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ನಾನು ಇಲ್ಲಿ ಸೈಕಲ್ ತುಳಿಯುವ ಪ್ರತಿ ಸಲ ಅವರನ್ನು ನೆನೆಯುತ್ತೇನೆ.

ಸೈಕಲ್‌ಗೆ ಹಕ್ಕು ಬಂದಿದ್ದು 1968ರ ಕಾಯಿದೆಯಿಂದ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಬ್ರೈಡಲ್‌ವೇ ಅಂತ ಇವೆ. ಕುದುರೆ ಹೋಗುವ ಹಕ್ಕಿರುವ ಹಳೇ ದಾರಿಗಳು. ಅವುಗಳಲ್ಲಿ ಸೈಕಲ್ಲೂ ಹೋಗಬಹುದು, ಆದರೆ ನಡೆಯುವವರಿಗೂ ಕುದುರೆಗೂ ದಾರಿ ಬಿಟ್ಟುಕೊಡಬೇಕು. ಬರೀ ಕಾಲುದಾರಿಯಲ್ಲಿ ಸೈಕಲ್‌ಗೆ ಹಕ್ಕಿಲ್ಲ. ಕಂಬದ ಮೇಲಿನ ಬಾಣ ನೀಲಿ ಆದರೆ ಕುದುರೆದಾರಿ, ಹಳದಿ ಆದರೆ ಕಾಲುದಾರಿ. ಸ್ಕಾಟ್ಲೆಂಡಿನಲ್ಲಿ ಹೀಗಿಲ್ಲ, 2003ರ ಕಾಯಿದೆ ಬಂದಮೇಲೆ ಜವಾಬ್ದಾರಿಯಿಂದ ನಡೆದುಕೊಂಡರೆ ಹೆಚ್ಚುಕಡಿಮೆ ಎಲ್ಲ ಕಡೆ ಹೋಗಬಹುದು. ಇಲ್ಲಿ ಮಾತ್ರ ನಕ್ಷೆ ಬೇಕೇ ಬೇಕು. ನಾನು ಒಯ್ಯುವುದು ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಓಎಲ್ 1, ಡಾರ್ಕ್ ಪೀಕ್ ಹಾಳೆ. ಕಣಿವೆಯಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ, ಕಾಗದ ಹೋಗುವುದಿಲ್ಲ.

ಕ್ಲಫ್ ಫಾರ್ಮ್ ಹತ್ತಿರ ದಾರಿ ಬೆಟ್ಟ ಹತ್ತುತ್ತದೆ. ಮೊದಲ ಗೇಟು. ಅದರ ಪಕ್ಕ ಕುರಿಗಳು ನಿಂತು ನೋಡುತ್ತಿದ್ದವು. ಗೇಟು ತೆಗೆದವರು ಹಾಕಿ ಹೋಗಬೇಕು, ಇದನ್ನು ನನಗೆ ಇಂಗ್ಲೆಂಡಿನವರು ಹೇಳಿಕೊಡಬೇಕಾಗಿರಲಿಲ್ಲ. ಊರಲ್ಲಿ ದಣಪೆ ಹಾಕದೆ ಬಂದರೆ ದನ ತೋಟಕ್ಕೆ ನುಗ್ಗಿ, ರಾತ್ರಿ ಊಟದ ಹೊತ್ತಿಗೆ ಅಜ್ಜನ ಬೈಗುಳ ಗ್ಯಾರಂಟಿ. ಅದೇ ನಿಯಮ, ಅದೇ ಕಾರಣ.

ಗಾಳಿ ಎದುರಿನಿಂದ. ಹೀದರ್ ಹೂವು ಮುಗಿಯುತ್ತಾ ಬಂದು ಬೆಟ್ಟ ಕಂದು ನೇರಳೆ. ಏರಿನಲ್ಲಿ ನಾಲ್ಕು ಸಲ ಇಳಿದು ತಳ್ಳಿದೆ. ಇಲ್ಲಿ ಯಾರೂ ಏರನ್ನು ಲೆಕ್ಕ ಹಾಕಿ ಇಟ್ಟಿಲ್ಲ. ಕಟ್ಟಿದ ಟ್ರೇಲ್‌ನಲ್ಲಿ ಏರು ತುಳಿಯುವಷ್ಟೇ ಇರುತ್ತದೆ, ಅದು ಕಟ್ಟಿದವರ ದಯೆ. ಬೆಟ್ಟಕ್ಕೆ ಆ ಲೆಕ್ಕ ಇಲ್ಲ. ತಳ್ಳುವಾಗ ತಲೆ ಎತ್ತಿದೆ. ಕೆಳಗೆ ಕಣಿವೆ, ಕಲ್ಲುಗೋಡೆಗಳ ಗೀಟು, ರೈಲು ಇಷ್ಟೇ ಇಷ್ಟು. ಆಚೆಗೆ ಮ್ಯಾಮ್ ಟಾರ್ ಬೆಟ್ಟ. ಅದರ ಆಚೆ ಪಕ್ಕದಲ್ಲಿ ಜರಿದು ಜರಿದು 1979ರಲ್ಲಿ ಮುಚ್ಚಿಹೋದ ಹೆದ್ದಾರಿ ಇದೆ. ತಳ್ಳಿದ್ದರಿಂದ ಸಿಕ್ಕಿದ ನೋಟ ಇದು.

ಬೆಟ್ಟದ ಮಡಿಲಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ. ನಕ್ಷೆಯಲ್ಲಿ ಅದರ ಹೆಸರು ಜ್ಯಾಗರ್ಸ್ ಕ್ಲಫ್. ಕ್ಲಫ್ ಅಂದರೆ ಈ ಕಡೆಯ ಭಾಷೆಯಲ್ಲಿ ಕಡಿದಾದ ಹಳ್ಳ. ಜ್ಯಾಗರ್ ಅಂದರೆ ಹೇರು ಹೊತ್ತ ಕುದುರೆಗಳನ್ನು ಹೊಡೆದುಕೊಂಡು ಹೋಗುವವರು. ರಸ್ತೆಗಳು ಆಗುವ ಮೊದಲು ಈ ಬೆಟ್ಟಗಳನ್ನು ದಾಟಿ ಸರಕು ಸಾಗಿದ್ದು ಅವರ ಕುದುರೆಗಳ ಬೆನ್ನ ಮೇಲೆ. ಚೆಷೈರ್‌ನಿಂದ ಪೂರ್ವಕ್ಕೆ ಹೋಗುತ್ತಿದ್ದ ಮುಖ್ಯ ಸರಕುಗಳಲ್ಲಿ ಒಂದು ಉಪ್ಪು.

ಉಪ್ಪು ಅಂತ ಮೊದಲ ಸಲ ಓದಿದಾಗ ಒಂದು ಕ್ಷಣ ಸುಮ್ನೆ ಕೂತುಬಿಟ್ಟಿದ್ದೆ. ನಮ್ಮಲ್ಲೂ ಅದೇ ಅಲ್ವಾ? ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪು ಹೇರೆತ್ತಿನ ಬೆನ್ನ ಮೇಲೆ ಘಟ್ಟ ಹತ್ತುತ್ತಿತ್ತು. ಅಜ್ಜ ತನ್ನ ಅಜ್ಜನಿಂದ ಕೇಳಿದ್ದನ್ನು ಹೇಳುತ್ತಿದ್ದ. ಎತ್ತಿನ ಕೊರಳ ಗಂಟೆ ಕೇಳಿದರೆ ಎದುರಿನವರು ದಾರಿ ಬಿಟ್ಟು ನಿಲ್ಲುತ್ತಿದ್ದರಂತೆ. ನಮ್ಮ ಮನೆ ಹಿಂದಿನ ಬೇಣದ ಅಂಚಿನಲ್ಲಿ ಆ ದಾರಿಯ ಒಂದು ತುಂಡು ಇನ್ನೂ ಇದೆ. ಮಧ್ಯೆ ತಗ್ಗಾಗಿ ಎರಡು ಕಡೆ ದಿಬ್ಬ. ಎತ್ತಿನ ಗೊರಸು ತುಳಿದು ತುಳಿದು ಆದ ತಗ್ಗು. ಜ್ಯಾಗರ್ಸ್ ಕ್ಲಫ್‌ನ ಆಚೆ ಏರಿನಲ್ಲಿ ನಮ್ಮ ಸೈಕಲ್ ಹೋಗಿದ್ದು ಅಂಥದೇ ತಗ್ಗಿನಲ್ಲಿ. ಕೊಯ್ಡ್ ಅ ಬ್ರೆನಿನ್‌ನ ಪ್ರತಿ ಕಲ್ಲಿನಲ್ಲೂ ಒಬ್ಬರು ನನ್ನ ಬಗ್ಗೆ, ನನ್ನ ಚಕ್ರದ ಬಗ್ಗೆ ಯೋಚನೆ ಮಾಡಿದ್ದಾರೆ. ಇಲ್ಲಿ ನನ್ನ ಬಗ್ಗೆ ಯಾರೂ ಯೋಚನೆ ಮಾಡಿಲ್ಲ. ಅವರ ಕೆಲಸಕ್ಕೆ ಅವರು ನಡೆದರು, ದಾರಿ ಉಳಿಯಿತು, ನನಗೂ ಸಿಕ್ಕಿತು. ಎರಡೂ ಪ್ರೀತಿಯೇ. ಆದರೆ ಎರಡನೆಯದರಲ್ಲಿ ನನ್ನ ಗಂಟಲು ಕಟ್ಟಿತು.

ಮೇಲೆ ಹೋಪ್ ಕ್ರಾಸ್. ಆಳೆತ್ತರ ಮೀರುವ ಒಂದು ಕಲ್ಲು ಕಂಬ. ಅದರ ತಲೆಯ ಮೇಲೆ ಚೌಕದ ಕಲ್ಲು. ನಾಲ್ಕು ಮುಖದಲ್ಲಿ ನಾಲ್ಕು ಊರ ಹೆಸರು: ಈಡೇಲ್, ಹೋಪ್, ಶೆಫೀಲ್ಡ್, ಗ್ಲಾಸಪ್. ಇಸವಿ 1737. ಮಂಜಿನಲ್ಲಿ, ಹಿಮದಲ್ಲಿ ಹೇರಿನವರಿಗೆ ದಾರಿ ತೋರಲು ನಿಲ್ಲಿಸಿದ್ದು. ಬೆಟ್ಟದ ಮೇಲೆ ನಮಗೂ ಮಂಜು ಮುಸುಕಿತ್ತು. ಅಕ್ಷರಗಳನ್ನು ಬೆರಳಿನಿಂದ ಸವರಿ ಓದಿದೆ. ಅವಲಕ್ಕಿ ತಿಂದದ್ದು ಆ ಕಂಬಕ್ಕೆ ಬೆನ್ನು ಕೊಟ್ಟು ಕೂತು.

ಅಲ್ಲಿಂದ ಹ್ಯಾಗ್‌ವಾಟರ್ ಸೇತುವೆಗೆ ಇಳಿಯುವ ತುಂಡು ಕಠಿಣ. ಗಿಡ್ಡ ಇದೆ, ಆದರೆ ಕಡಿದು. ಕಲ್ಲುಗಳು ಯಾರೂ ನೆಟ್ಟಿದ್ದಲ್ಲ, ಸುಮ್ಮನೆ ಬಿದ್ದಿರುವುದು. ಹೋದ ವಾರ ಇದ್ದ ಕಲ್ಲು ಈ ವಾರ ಬೇರೆ ಕಡೆ ಇರುತ್ತದೆ. ಕೊಯ್ಡ್ ಅ ಬ್ರೆನಿನ್‌ನಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ತಿರುವಿಗೆ ಮುಂಚೆ ಬ್ರೇಕ್ ಒತ್ತಿದೆ, ಹಿಮ್ಮಡಿ ಕೆಳಗೆ ಇಟ್ಟೆ, ನೋಟ ಮುಂದೆ. ಅರ್ಧ ದಾರಿ ಚೆನ್ನಾಗಿ ಬಂದೆ. ಆಮೇಲೆ ಮುಂದಿನ ಚಕ್ರದ ಕೆಳಗೆ ಒಂದು ಕಲ್ಲು ಉರುಳಿತು. ಮೊಣಕೈ ಊರಿ ಬಿದ್ದೆ. ತೋಳು ತರಚಿತು, ಹಿಂದಿನ ಟೈರ್ ಚೂಪು ಕಲ್ಲಿಗೆ ಸಿಕ್ಕಿ ಹರಿಯಿತು. ಟ್ಯೂಬ್‌ಲೆಸ್ ಟೈರಿನ ಅಂಟು ದ್ರವ ಎಲ್ಲ ಹೊರಗೆ ಚಿಮ್ಮಿತು. ತೂತು ದೊಡ್ಡದು, ಅಂಟು ಹಿಡಿಯಲಿಲ್ಲ. ಒಳಗೊಂದು ಟ್ಯೂಬ್ ಹಾಕಿ, ಹರಿದ ಜಾಗಕ್ಕೆ ಬಿಸ್ಕತ್ತಿನ ಪೊಟ್ಟಣದ ಹಾಳೆ ಮಡಚಿ ಇಟ್ಟೆವು. ಮನೆಗೆ ಬರುವವರೆಗೆ ಬಾಳಿತು. ಪೀಕ್‌ಗೆ ಹೋಗುವಾಗ ಒಂದು ಟ್ಯೂಬ್ ಚೀಲದಲ್ಲಿ ಇರಲೇಬೇಕು.

ರಿಪೇರಿ ಮಾಡುತ್ತಿದ್ದಾಗ ಕೆಳಗಿನಿಂದ ಇಬ್ಬರು ವಯಸ್ಸಾದ ಹೆಂಗಸರು ಕುದುರೆ ಮೇಲೆ ಬಂದರು. ಎದ್ದು, ಸೈಕಲ್ಲುಗಳನ್ನು ಬದಿಗೆ ಸರಿಸಿ, ಜೋರಾಗಿ ನಮಸ್ಕಾರ ಹೇಳಿದೆವು. ಕುದುರೆಗೆ ಮನುಷ್ಯರ ದನಿ ಕೇಳಿದರೆ ಗಾಬರಿ ಇಲ್ಲ. ಸದ್ದಿಲ್ಲದೆ ನಿಂತವರನ್ನು ಕಂಡರೆ ಬೆದರುತ್ತದೆ. ಒಬ್ಬರು ನಿಂತು ನನ್ನ ತೋಳು ನೋಡಿ, ಜೀನಿನ ಚೀಲದಿಂದ ಬ್ಯಾಂಡೇಜ್ ತೆಗೆದುಕೊಟ್ಟರು. ಮುಂದೆ ಲಾಕರ್‌ಬ್ರೂಕ್ ಕಡೆ ಹೋಗುತ್ತೇವೆ ಅಂದಾಗ, ಮೇಲೆ ಎಲ್ಲಿ ಕೆಸರಿದೆ, ಯಾವ ಬದಿಯಿಂದ ಹೋಗಬೇಕು ಅಂತ ಹೇಳಿದರು. ಒಂದೇ ದಿಕ್ಕಿನ ಟ್ರೇಲ್‌ನಲ್ಲಿ ಎದುರಿಗೆ ಯಾರೂ ಸಿಗುವುದಿಲ್ಲ. ಅದು ಅಲ್ಲಿನ ಅನುಕೂಲ. ಇಲ್ಲಿ ಎದುರಿಗೆ ಸಿಕ್ಕವರಿಂದಲೇ ನಮ್ಮ ದಿನ ಉಳಿಯಿತು.

ಸ್ನೇಕ್ ಪಾಸ್ ರಸ್ತೆ ದಾಟಿ, ಹ್ಯಾಗ್ ಫಾರ್ಮ್ ಏರು ತಳ್ಳಿ, ಲಾಕರ್‌ಬ್ರೂಕ್ ಮೇಲಿಂದ ಡರ್ವೆಂಟ್ ಕಣಿವೆಗೆ ಇಳಿದೆವು. ಫೇರ್‌ಹೋಮ್ಸ್‌ನಲ್ಲಿ ಬಿಸಿ ಬಿಸಿ ಚಹಾ. ಮೇಲೆ ಡರ್ವೆಂಟ್ ಅಣೆಕಟ್ಟೆ. 1943ರಲ್ಲಿ ಜರ್ಮನಿಯ ಅಣೆಕಟ್ಟೆಗಳ ಮೇಲೆ ದಾಳಿ ಮಾಡುವ ಮೊದಲು ಬ್ರಿಟನ್ನಿನ ವಾಯುಪಡೆಯ 617ನೇ ಸ್ಕ್ವಾಡ್ರನ್ ಇದರ ಮೇಲೆ ಹಾರಿ ಅಭ್ಯಾಸ ಮಾಡಿತ್ತು. ಅಲ್ಲಿಂದ ಲೇಡಿಬೋವರ್ ಜಲಾಶಯದ ಪೂರ್ವ ದಂಡೆಯ ದಾರಿ ಚಪ್ಪಟೆ, ಆರಾಮು. ಆ ನೀರಿನ ಅಡಿಯಲ್ಲಿ ಡರ್ವೆಂಟ್, ಆ್ಯಷಪ್ಟನ್ ಅನ್ನುವ ಎರಡು ಊರು ಮುಳುಗಿವೆ. ಬರಗಾಲದಲ್ಲಿ ನೀರು ಇಳಿದರೆ ಡರ್ವೆಂಟ್‌ನ ಮನೆಗಳ ಕಲ್ಲು ಕಾಣುತ್ತವೆ. ಶರಾವತಿಯ ಮುಳುಗಡೆ ಊರವರನ್ನು ಕಂಡು ಬೆಳೆದವಳಿಗೆ ಈ ದಂಡೆಯಲ್ಲಿ ಸೈಕಲ್ ಜೋರಾಗಿ ಹೊಡೆಯಲು ಮನಸ್ಸು ಬರುವುದಿಲ್ಲ. ಡರ್ವೆಂಟ್ ಊರಿನ ಹೇರುಗುದುರೆ ಸೇತುವೆಯನ್ನು ಮಾತ್ರ ಕಲ್ಲು ಕಲ್ಲಾಗಿ ಬಿಚ್ಚಿ, ಕಣಿವೆಯ ತುದಿಯ ಸ್ಲಿಪರಿ ಸ್ಟೋನ್ಸ್‌ನಲ್ಲಿ ಮತ್ತೆ ಕಟ್ಟಿದ್ದಾರೆ. ಕೊನೆಗೆ ಥಾರ್ನ್‌ಹಿಲ್ ಟ್ರೇಲ್ ಹಿಡಿದು ಬ್ಯಾಮ್‌ಫರ್ಡ್ ಸ್ಟೇಷನ್ ಸೇರಿದೆವು. ಆ ರಾತ್ರಿ ಅಪ್ಪಯ್ಯ ಅದೇ ಪ್ರಶ್ನೆ ಕೇಳಿದಾಗ ಫೋನ್ ಇಡಲು ಒಂದು ಗಂಟೆ ಆಯಿತು. ಕಂಬದ ಇಸವಿಯನ್ನು ಎರಡು ಸಲ ಕೇಳಿ ಬರೆದುಕೊಂಡ.

ಬಯಲು ದಾರಿಯಲ್ಲಿ ನನಗೆ ಚಿಂತೆ ಇರುವುದು ನೆಲದ ಬಗ್ಗೆ. ಈ ಬೆಟ್ಟಗಳ ಮೇಲೆ ಇರುವುದು ಪೀಟ್. ಸಾವಿರಾರು ವರ್ಷ ಕೊಳೆತ ಪಾಚಿ, ಹುಲ್ಲು ಸೇರಿ ಆದ ಕಪ್ಪು ಮಣ್ಣು, ನೀರು ಕುಡಿದ ಸ್ಪಂಜಿನ ಹಾಗೆ. ಒದ್ದೆ ಇರುವಾಗ ಒಂದು ಚಕ್ರ ಗೀರಿದರೆ ನೀರು ಆ ಗೀರನ್ನೇ ಹಿಡಿದು ಕೊರೆಯುತ್ತದೆ. ಕೆಸರು ತಪ್ಪಿಸಲು ಮುಂದಿನವರು ಪಕ್ಕದಲ್ಲಿ ಹೋಗುತ್ತಾರೆ, ದಾರಿ ಅಗಲ ಆಗುತ್ತಲೇ ಹೋಗುತ್ತದೆ. ಲ್ಯಾಂಗ್‌ಸೆಟ್‌ನಿಂದ ಸ್ಲಿಪರಿ ಸ್ಟೋನ್ಸ್‌ಗೆ ಬರುವ ಕಟ್ ಗೇಟ್ ಅನ್ನುವ ದಾರಿಯ ಒಂದು ಭಾಗ ಹೀಗೆ ಜವುಗಾಗಿ ಹೋಗಿತ್ತು. ಸೈಕಲ್‌ನವರು, ನಡೆಯುವವರು, ಬೆಟ್ಟ ಹತ್ತುವವರು ಎಲ್ಲ ಸೇರಿ ಹಣ ಕೂಡಿಸಿ ಅದನ್ನು ರಿಪೇರಿ ಮಾಡಿಸಿದರು. ನಾನೂ ಸ್ವಲ್ಪ ಕೊಟ್ಟಿದ್ದೆ.

ಆದರೆ ರಿಪೇರಿ ಅಂದರೆ ಏನು ಅನ್ನುವುದರಲ್ಲೂ ಜಗಳ ಇದೆ. ಈಡೇಲ್‌ನ ಪಶ್ಚಿಮಕ್ಕೆ ರಶಪ್ ಎಡ್ಜ್ ಅಂತ ಒಂದು ದಾರಿ. ಕಲ್ಲಿನ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. 2014ರಲ್ಲಿ ಅದರ ಮೇಲೆ ಜಲ್ಲಿ ಸುರಿದು ಸಮ ಮಾಡಿದರು. ಸೈಕಲ್‌ನವರ ಜೊತೆ ಕುದುರೆಯವರೂ ನಡೆಯುವವರೂ ಬೇಡ ಅಂದರು. ಅವರ ಬೇಸರ ನನಗೆ ಅರ್ಥ ಆಗುತ್ತದೆ. ಹಳೇ ದಾರಿಯನ್ನು ಅರ್ಧಂಬರ್ಧ ಕಟ್ಟಿದರೆ ಅದಕ್ಕೆ ಕಟ್ಟಿದ ಟ್ರೇಲ್‌ನ ಜಾಣತನವೂ ಬರಲ್ಲ, ಹಳೇ ದಾರಿಯ ಮುಖವೂ ಉಳಿಯಲ್ಲ. ಕಟ್ಟುವುದಾದರೆ ಕೊಯ್ಡ್ ಅ ಬ್ರೆನಿನ್‌ನವರ ಹಾಗೆ ಒಂದೊಂದು ಕಲ್ಲಿಗೂ ಮಂಡಿಯೂರಿ ಕಟ್ಟಬೇಕು. ಇಲ್ಲದಿದ್ದರೆ ನೀರು ಹೋಗುವಷ್ಟು ಮಾಡಿ ಬಿಟ್ಟುಬಿಡಬೇಕು.

ಹಾಗಾಗಿ ಕೇಳಿದವರಿಗೆ ನನ್ನ ಮಾತು ಇಷ್ಟು. ಬೆಟ್ಟದ ಸೈಕಲ್ ಹೊಸದಾಗಿ ತೆಗೆದುಕೊಂಡವರು ಮೊದಲು ಕೊಯ್ಡ್ ಅ ಬ್ರೆನಿನ್‌ಗೆ ಹೋಗಿ, ಮೈನೋಟಾರ್ ಎರಡು ಸಲ ತುಳಿಯಿರಿ. ಮಳೆ ಬಿದ್ದ ವಾರದಲ್ಲೂ ಅಲ್ಲಿಗೇ ಹೋಗಿ, ಅದು ಮಳೆ ತಾಳುವ ಹಾಗೆ ಕಟ್ಟಿದ ದಾರಿ. ಚಿಕ್ಕ ಮಕ್ಕಳಿದ್ದರೆ, ಕೈಕಾಲಿಗೆ ತೊಂದರೆ ಇರುವವರಿದ್ದರೆ, ಒಬ್ಬರೇ ಹೋಗುವುದಾದರೆ ಅಲ್ಲಿಗೇ. ಆದರೆ ಎರಡು ಮೂರು ವರ್ಷದಿಂದ ಬರೀ ಇಂಥ ಕಟ್ಟಿದ ಟ್ರೇಲ್‌ಗಳಿಗೇ ಹೋಗುತ್ತಿರುವ ಗೆಳೆಯರಿಗೆ ನಾನು ಜೋರಾಗಿಯೇ ಹೇಳುತ್ತೇನೆ, ಒಂದು ಒಣ ದಿನ ನೋಡಿ ಈಡೇಲ್ ರೈಲು ಹತ್ತಿ. ಸೈಕಲ್‌ಗೆ ಗಂಟೆ ಕಟ್ಟಿಕೊಳ್ಳಿ. ನಿಮಗೆ ಸೈಕಲ್ ಬರುತ್ತದೆ, ದಾರಿ ಇನ್ನೂ ಬಂದಿಲ್ಲ.

ಮಗ ಮುಂದಿನ ಶನಿವಾರಕ್ಕೆ ಕಟ್ ಗೇಟ್ ಅನ್ನುತ್ತಿದ್ದಾನೆ. ಮುಳುಗಿದ ಊರಿನ ಸೇತುವೆ ಇರುವುದು ಆ ದಾರಿಯ ಕೊನೆಗೇ, ನನಗೂ ಅದನ್ನು ದಾಟಬೇಕು. ಇವತ್ತು ಮಂಗಳವಾರ, ಹೊರಗೆ ಸಣ್ಣ ಮಳೆ ಶುರುವಾಗಿದೆ. ಶುಕ್ರವಾರ ಸಂಜೆಯೊಳಗೆ ನಿಂತು ಗಾಳಿ ಬೀಸಿದರೆ ಕಟ್ ಗೇಟ್. ನಿಲ್ಲದಿದ್ದರೆ ಪೀಟ್ ತುಳಿಯುವುದಿಲ್ಲ. ಕಾರಿಗೆ ಸೈಕಲ್ ಕಟ್ಟಿ, ಈ ಸಲ ಅವನದೇ ಸೈಕಲ್ ಕಟ್ಟಿ, ಮತ್ತೆ ಟಾರು.